ಅಂಗುಲದೆತ್ತರದ ವೀರರಿಗೆ ಬಣ್ಣದ ಉಡುಗೆ

ಒಂದು ಅಂಗುಲಕ್ಕಿಂತ ತುಸುವೇ ಎತ್ತರದ ಒಬ್ಬ ಯೋಧ. ತಲೆಗೆ ಶಿರಸ್ತ್ರಾಣ, ಮೈಗೆ ಕವಚ, ಹೆಗಲಿನಿಂದ ಇಳಿಬಿದ್ದ ಮೇಲಂಗಿ, ಸೊಂಟದಲ್ಲಿ ಕತ್ತಿ, ನಡುಪಟ್ಟಿಗೆ ಕಟ್ಟಿದ ಪುಟ್ಟ ಚೀಲ. ಆ ಚೀಲದ ಹೊಲಿಗೆಯೂ ಕಾಣುವಷ್ಟು ನಯವಾದ ಕೆತ್ತನೆ. ಆದರೆ ಅಡಿಯಿಂದ ಮುಡಿಯವರೆಗೆ ಒಂದೇ ಬೂದುಬಣ್ಣ. ಒಂದೊಂದು ಪೆಟ್ಟಿಗೆಯಲ್ಲಿ ಇಂಥವರು ಹತ್ತು ಮಂದಿ, ಇಪ್ಪತ್ತು ಮಂದಿ. ಕೆಲವು ಮನೆಗಳ ಕಪಾಟಿನಲ್ಲಿ ನೂರಾರು ಮಂದಿ. ಮೇಜಿನ ಮೇಲೆ ಯುದ್ಧದ ಆಟ ಆಡುವ ಹವ್ಯಾಸಿಗಳು ಈ ಬಣ್ಣ ಕಾಣದ ದಂಡಿಗೆ ತಾವೇ ಒಂದು ಹೆಸರಿಟ್ಟುಕೊಂಡಿದ್ದಾರೆ: ‘ನಾಚಿಕೆಯ ರಾಶಿ’.

ಕೊಳ್ಳುವಾಗ ಇದ್ದ ಹುರುಪು ಬಣ್ಣ ಹಚ್ಚುವಾಗ ಉಳಿಯದೆ ಹೋದುದರ ಗುರುತು ಈ ರಾಶಿ. ಹುಡುಗನೊಬ್ಬ ಹುಟ್ಟುಹಬ್ಬಕ್ಕೆ ಬಂದ ಪೆಟ್ಟಿಗೆಯನ್ನು ತೆರೆಯುತ್ತಾನೆ. ಮೊದಲ ಬೊಂಬೆಗೆ ಉತ್ಸಾಹದಿಂದ ದಪ್ಪಗೆ ಬಣ್ಣ ಬಳಿಯುತ್ತಾನೆ. ಕಣ್ಣು ಯಾವುದು, ಮೂಗು ಯಾವುದು ಎಂದು ತಿಳಿಯದಂತೆ ಮುಚ್ಚಿಹೋದ ಮುಖವನ್ನು ನೋಡುತ್ತಾನೆ. ಪೆಟ್ಟಿಗೆಯನ್ನು ಮಂಚದ ಕೆಳಕ್ಕೆ ತಳ್ಳುತ್ತಾನೆ. ಹುಡುಗನ ಮಾತು ಹಾಗಿರಲಿ, ದಿನವಿಡೀ ಕಚೇರಿಯಲ್ಲಿ ದುಡಿದು ರಾತ್ರಿ ಒಂದು ಗಂಟೆ ಬಿಡುವು ಮಾಡಿಕೊಳ್ಳುವ ತಂದೆಯ ಪಾಡೂ ಇದೇ. ಕೈಯಲ್ಲಿ ಆಗದ ಕೆಲಸವೆಂದು ಇಬ್ಬರೂ ನಂಬಿ ಸುಮ್ಮನಾಗುತ್ತಾರೆ.

ಮಂಚದ ಕೆಳಗಿನ ಅಂಥ ಎಷ್ಟೋ ಪೆಟ್ಟಿಗೆಗಳನ್ನು ಕಳೆದ ಕೆಲವು ವರ್ಷಗಳಲ್ಲಿ ಮತ್ತೆ ಹೊರಗೆ ತೆಗೆಸಿದ ಕೀರ್ತಿ ಒಂದು ಬಗೆಯ ಬಣ್ಣಕ್ಕೆ ಸಲ್ಲಬೇಕು. ಅದು ಪಾರದರ್ಶಕ ಬಣ್ಣ. ಅದರ ಗುಟ್ಟೇನು, ಹೊಸಬರು ಅದನ್ನು ಬಳಸುವ ಬಗೆ ಹೇಗೆ, ಅದರಿಂದ ಕಲೆ ಬೆಳೆಯಿತೋ ಅಗ್ಗವಾಯಿತೋ ಎಂಬುದು ತಿಳಿಯತಕ್ಕ ಸಂಗತಿ.

ಆಟದ ಸೈನಿಕರ ವಂಶಾವಳಿ

ಆಟಿಕೆಯ ಸೈನಿಕ ಇಂದು ನಿನ್ನೆ ಹುಟ್ಟಿದವನಲ್ಲ. ೧೮ನೆಯ ಶತಮಾನದಲ್ಲಿಯೇ ಜರ್ಮನಿಯ ನ್ಯೂರೆಂಬರ್ಗಿನ ಕುಶಲಕರ್ಮಿಗಳು ತವರದ ಚಪ್ಪಟೆ ಸೈನಿಕರನ್ನು ಎರಕ ಹೊಯ್ದು ಮಾರುತ್ತಿದ್ದರು. ೧೮೯೩ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಸಂಸ್ಥೆ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಮಾರಾಟಕ್ಕೆ ತಂದಿತು. ಲೋಹ ಉಳಿಯಿತು, ಬೆಲೆ ಇಳಿಯಿತು, ಸೈನಿಕ ಮಧ್ಯಮವರ್ಗದ ಮಕ್ಕಳ ಕೋಣೆಗೂ ನಡೆದು ಬಂದ.

ಈ ಸೈನಿಕರಿಗೆ ಆಟದ ನಿಯಮಗಳನ್ನು ಬರೆದುಕೊಟ್ಟವರಲ್ಲಿ ಪ್ರಸಿದ್ಧ ಕಾದಂಬರಿಕಾರ ಎಚ್. ಜಿ. ವೆಲ್ಸ್ ಒಬ್ಬರು. ಕಾಲಯಂತ್ರದ ಕಥೆ ಹೇಳಿದ ಆ ಲೇಖಕರು ೧೯೧೩ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ನೆಲದ ಮೇಲೆ ಬೊಂಬೆಗಳನ್ನು ನಿಲ್ಲಿಸಿ, ಸ್ಪ್ರಿಂಗ್ ಅಳವಡಿಸಿದ ಆಟದ ಫಿರಂಗಿಯಿಂದ ಅವುಗಳನ್ನು ಉರುಳಿಸುವ ಆಟ ಅದು. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧ ಎಷ್ಟೋ ಮೇಲು ಎಂಬುದೇ ಅವರ ವಾದವಾಗಿತ್ತು. ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತೆಂಬುದನ್ನು ನೆನೆದರೆ ಆ ವಾದಕ್ಕೆ ಬೇರೆಯೇ ತೂಕ ಬರುತ್ತದೆ.

ಇಂದಿನ ರೂಪದ ಹವ್ಯಾಸ ಬೆಳೆದುದು ೧೯೭೦ರ ದಶಕದ ನಂತರ. ೧೯೭೪ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟ ಹೊರಬಂತು. ಅದರ ಮರುವರ್ಷ ಲಂಡನ್ನಿನಲ್ಲಿ ಇಯಾನ್ ಲಿವಿಂಗ್‌ಸ್ಟನ್, ಸ್ಟೀವ್ ಜಾಕ್ಸನ್ ಮತ್ತು ಜಾನ್ ಪೀಕ್ ಎಂಬ ಮೂವರು ಗೆಳೆಯರು ‘ಗೇಮ್ಸ್ ವರ್ಕ್‌ಷಾಪ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಮೊದಮೊದಲು ಅವರು ಮಾಡುತ್ತಿದ್ದುದು ಮರದ ಆಟದ ಹಲಗೆಗಳನ್ನು. ಬಳಿಕ ಅದೇ ದಶಕದ ಕೊನೆಯಲ್ಲಿ ನೆವಾರ್ಕ್ ಎಂಬ ಊರಿನಲ್ಲಿ ಬೊಂಬೆಗಳನ್ನು ಎರಕ ಹೊಯ್ಯಲು ‘ಸಿಟಡೆಲ್ ಮಿನಿಯೇಚರ್ಸ್’ ಆರಂಭವಾಯಿತು. ೧೯೮೩ರಲ್ಲಿ ‘ವಾರ್‌ಹ್ಯಾಮರ್’, ೧೯೮೭ರಲ್ಲಿ ದೂರದ ಭವಿಷ್ಯದ ಕಥೆಯುಳ್ಳ ‘ವಾರ್‌ಹ್ಯಾಮರ್ ೪೦,೦೦೦’ ಆಟಗಳು ಬಂದವು. ಇಂದು ನಾಟಿಂಗ್‌ಹ್ಯಾಮ್ ನಗರದಲ್ಲಿ ನೆಲೆಸಿರುವ ಈ ಸಂಸ್ಥೆ ೨೦೨೪ರ ಡಿಸೆಂಬರಿನಲ್ಲಿ ಲಂಡನ್ ಷೇರುಪೇಟೆಯ ನೂರು ದೊಡ್ಡ ಕಂಪನಿಗಳ ಸೂಚ್ಯಂಕದಲ್ಲಿ ಸ್ಥಾನ ಪಡೆಯಿತು. ರಾಬಿನ್ ಹುಡ್‌ನ ಕಥೆಗೂ ಕಸೂತಿಯ ಲೇಸಿಗೂ ಹೆಸರಾಗಿದ್ದ ನಾಟಿಂಗ್‌ಹ್ಯಾಮಿನ ಸುತ್ತ ಇಂದು ಬೊಂಬೆ ತಯಾರಕರ ಗುಂಪೇ ನೆರೆದಿದೆ. ಸೀಸದ ಬೊಂಬೆಗಳ ಕಾಲದ ನೆನಪಿಗೆ ಆ ಸೀಮೆಯನ್ನು ಹವ್ಯಾಸಿಗಳು ‘ಸೀಸದ ಪಟ್ಟಿ’ ಎಂದು ಕರೆಯುವುದುಂಟು. ಈಗಿನ ಬೊಂಬೆಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನವು.

ಚದುರಂಗದ ಕಾಯಿಗಳು ಅಂಗಡಿಯಿಂದಲೇ ಸಿದ್ಧವಾಗಿ ಬರುತ್ತವೆ. ಈ ಆಟದಲ್ಲಿ ಹಾಗಲ್ಲ. ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಕೈ, ಕಾಲು, ತಲೆಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚುವುದೆಲ್ಲ ಆಟಗಾರನ ಪಾಲಿನ ಕೆಲಸ. ಬಣ್ಣಕ್ಕೆ ಎಷ್ಟು ಬೆಲೆಯೆಂದರೆ, ೨೦೨೦ರಲ್ಲಿ ಬಂದ ‘ವಾರ್‌ಹ್ಯಾಮರ್ ೪೦,೦೦೦’ದ ನಿಯಮಾವಳಿಯಲ್ಲಿ ಸ್ಪರ್ಧೆಯ ಆಟದ ನೂರು ಅಂಕಗಳಲ್ಲಿ ಹತ್ತು ಅಂಕಗಳನ್ನು ದಂಡಿಗೆ ಪೂರ್ತಿಯಾಗಿ ಬಣ್ಣ ಹಚ್ಚಿ ತಂದವರಿಗೆ ಮೀಸಲಿಡಲಾಗಿತ್ತು. ಕುಂಚ ಕೆಳಗಿಟ್ಟವನು ದಾಳ ಉರುಳಿಸುವ ಮೊದಲೇ ಹತ್ತು ಅಂಕ ಸೋತಂತೆ! ಇನ್ನು ಬಣ್ಣಗಾರಿಕೆಗೆಂದೇ ೧೯೮೭ರಲ್ಲಿ ಆರಂಭವಾದ ‘ಗೋಲ್ಡನ್ ಡೀಮನ್’ ಸ್ಪರ್ಧೆಯಲ್ಲಿ ಎಲ್ಲರನ್ನೂ ಮೀರಿದ ಕಲಾವಿದನಿಗೆ ನಿಜವಾದ ಒಂದು ಖಡ್ಗವನ್ನೇ ಬಹುಮಾನವಾಗಿ ಕೊಡುತ್ತಾರೆ.

ಹಳೆಯ ದಾರಿಯ ದೂರ

ಅಂಗುಲದೆತ್ತರದ ಬೊಂಬೆಗೆ ಬಣ್ಣ ಹಚ್ಚುವುದರಲ್ಲಿ ಒಂದು ತೊಡಕುಂಟು. ನಿಜವಾದ ಮನುಷ್ಯ ತೊಟ್ಟ ಮೇಲಂಗಿಯ ನೆರಿಗೆಗಳಲ್ಲಿ ನೆರಳು ತಾನಾಗಿ ಬೀಳುತ್ತದೆ. ಬೊಂಬೆಯ ಮೇಲಂಗಿಯ ನೆರಿಗೆಯ ಆಳವಾದರೋ ಎಳ್ಳುಕಾಳಿನ ದಪ್ಪಕ್ಕಿಂತ ಕಡಿಮೆ. ಅಲ್ಲಿ ಬೀಳುವ ನೆರಳು ಕಣ್ಣಿಗೆ ಸಾಲದು. ಆದ್ದರಿಂದ ಒಂದೇ ಕೆಂಪು ಬಳಿದ ಬೊಂಬೆ ಮೇಣದ ಮುದ್ದೆಯಂತೆ ಕಾಣುತ್ತದೆ. ನೆರಳನ್ನೂ ಬೆಳಕನ್ನೂ ಬಣ್ಣಗಾರನೇ ಕುಂಚದಿಂದ ಬರೆದು ಸೇರಿಸಬೇಕು.

ಇದಕ್ಕೆ ಹಿಂದಿನವರು ಹಿಡಿದ ದಾರಿ ಹೀಗಿತ್ತು. ಮೊದಲು ಮಧ್ಯಮ ಛಾಯೆಯ ಗಟ್ಟಿ ಬಣ್ಣ. ಬಳಿಕ ತಗ್ಗುಗಳಲ್ಲಿ ಕಪ್ಪಾದ ಛಾಯೆ. ಮತ್ತೆ ಉಬ್ಬುಗಳ ಮೇಲೆ ತಿಳಿಯಾದ ಛಾಯೆ. ಕೊನೆಗೆ ಅಂಚುಗಳ ಮೇಲೆ ಕೂದಲೆಳೆಯಂಥ ಬಿಳಿ ಗೆರೆ. ಕೆಂಪು ಮೇಲಂಗಿಗೆ ನಾಲ್ಕು ಪದರ, ಕಂದು ಚೀಲಕ್ಕೆ ನಾಲ್ಕು ಪದರ, ಮುಖಕ್ಕೆ ಇನ್ನೂ ಹೆಚ್ಚು. ನುರಿತ ಕೈಯಿಗೂ ಒಂದು ಬೊಂಬೆಗೆ ಹಲವು ಗಂಟೆ ಬೇಕು. ದಂಡಿನಲ್ಲಿ ಅರವತ್ತು ಬೊಂಬೆಗಳಿದ್ದರೆ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಅಡ್ಡದಾರಿಯ ಹುಡುಕಾಟ ಮೊದಲಿನಿಂದಲೂ ಇತ್ತು. ಕೆಲವರು ಮರದ ಸಾಮಾನಿಗೆ ಬಳಿಯುವ ಕಂದು ಬಣ್ಣದ ವಾರ್ನಿಷಿನ ಡಬ್ಬಿಯಲ್ಲಿ ಬೊಂಬೆಯನ್ನು ಅದ್ದಿ ತೆಗೆದು, ಜೋರಾಗಿ ಕೊಡವಿ, ಉಳಿದುದು ತಗ್ಗುಗಳಲ್ಲಿ ನಿಂತು ನೆರಳಾಗುವಂತೆ ಮಾಡುತ್ತಿದ್ದರು. ಇನ್ನು ಕೆಲವರು ನೀರಿನಂತೆ ಹರಿಯುವ ತೆಳು ಕಪ್ಪನ್ನೋ ಕಂದನ್ನೋ ಬೊಂಬೆಯ ಮೈತುಂಬ ಹರಿಸುತ್ತಿದ್ದರು. ಇಂಥ ನೆರಳುಬಣ್ಣದ ಒಂದು ಸೀಸೆ ಎಷ್ಟೋ ದಿನಗಳ ಅಭ್ಯಾಸಕ್ಕೆ ಸಮನೆಂದು ಹವ್ಯಾಸಿಗಳು ಅದನ್ನು ‘ದ್ರವರೂಪದ ನೈಪುಣ್ಯ’ ಎಂದು ನಗೆಯಾಡಿದ್ದುಂಟು. ಆದರೂ ಅದರ ಕೆಳಗೆ ಗಟ್ಟಿ ಬಣ್ಣವನ್ನು ಮೊದಲು ಅಚ್ಚುಕಟ್ಟಾಗಿ ಹಚ್ಚಲೇಬೇಕಿತ್ತು.

೨೦೧೯ರ ಜೂನ್‌ನಲ್ಲಿ ಗೇಮ್ಸ್ ವರ್ಕ್‌ಷಾಪ್ ತನ್ನ ಸಿಟಡೆಲ್ ಬಣ್ಣಗಳ ಸಾಲಿನಲ್ಲಿ ‘ಕಾಂಟ್ರಾಸ್ಟ್’ ಎಂಬ ಹೆಸರಿನ ೩೪ ಬಣ್ಣಗಳನ್ನು ಹೊರತಂದಿತು. ಮೂಲಬಣ್ಣ, ನೆರಳು, ಬೆಳಕು ಮೂರನ್ನೂ ಒಂದೇ ಕೈಯಲ್ಲಿ ಮುಗಿಸುವುದು ಅದರ ಆಶ್ವಾಸನೆ. ಇತರರೂ ಸುಮ್ಮನೆ ಕೂರಲಿಲ್ಲ. ಡೆನ್ಮಾರ್ಕಿನ ‘ಆರ್ಮಿ ಪೇಂಟರ್’ ೨೦೨೨ರಲ್ಲಿ ‘ಸ್ಪೀಡ್‌ಪೇಂಟ್’ ಎಂಬುದನ್ನು ತಂದಿತು. ಒಣಗಿದ ಮೇಲೂ ಒದ್ದೆ ಕುಂಚ ತಗುಲಿದರೆ ಕರಗಿ ಮೇಲಿನ ಬಣ್ಣಕ್ಕೆ ಬೆರೆಯುವ ದೋಷ ಅದರ ಮೊದಲ ಆವೃತ್ತಿಯಲ್ಲಿತ್ತು. ೨೦೨೩ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ಸ್ಪೇನಿನ ‘ವಯೆಹೋ’ ಸಂಸ್ಥೆಯೂ ಇಂಥದೇ ‘ಎಕ್ಸ್‌ಪ್ರೆಸ್ ಕಲರ್’ಗಳನ್ನು ತಯಾರಿಸುತ್ತದೆ. ಆ ಸಂಸ್ಥೆ ೧೯೬೫ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದುದು ವ್ಯಂಗ್ಯಚಿತ್ರದ ಚಲನಚಿತ್ರಗಳಿಗೆ ಬಣ್ಣ ಒದಗಿಸಲು. ೧೯೬೯ರಲ್ಲಿ ಅದು ಸ್ಪೇನಿಗೆ ಸ್ಥಳಾಂತರಗೊಂಡಿತು.

ಬೆಳಕು ಹೋಗಿ ಬರುವ ದಾರಿ

ಈ ಬಣ್ಣ ಮಾಡುವ ಚಮತ್ಕಾರದಲ್ಲಿ ಮಂತ್ರವೇನೂ ಇಲ್ಲ, ಶಾಲೆಯ ಭೌತಶಾಸ್ತ್ರವಿದೆ.

ಸಾಮಾನ್ಯ ಬಣ್ಣ ಗೋಡೆಯ ಸುಣ್ಣದಂತೆ ಕೆಳಗಿನದನ್ನು ಮುಚ್ಚುತ್ತದೆ. ಬೆಳಕು ಅದರ ಮೇಲ್ಮೈಗೆ ಬಡಿದು ಅಲ್ಲಿಂದಲೇ ಹಿಂದಿರುಗುತ್ತದೆ. ಪಾರದರ್ಶಕ ಬಣ್ಣವಾದರೆ ಬಣ್ಣದ ಗಾಜಿನಂತೆ. ಬೆಳಕು ಅದರೊಳಗೆ ಹಾಯ್ದು, ಕೆಳಗಿನ ಬಿಳಿ ತಳಕ್ಕೆ ತಾಗಿ, ಮತ್ತೆ ಅದೇ ಬಣ್ಣದ ಮೂಲಕ ಹೊರಗೆ ಬರುತ್ತದೆ. ಪದರ ತೆಳುವಾದಲ್ಲಿ ಹೆಚ್ಚು ಬೆಳಕು ಉಳಿದು ಬಣ್ಣ ತಿಳಿಯಾಗಿ ಕಾಣುತ್ತದೆ; ದಪ್ಪವಾದಲ್ಲಿ ಬೆಳಕು ನುಂಗಿಹೋಗಿ ಬಣ್ಣ ಗಾಢವಾಗುತ್ತದೆ. ಒಂದು ಪದರ ತನ್ನೊಳಗೆ ಹಾಯುವ ಬೆಳಕಿನ ಅರ್ಧವನ್ನು ನುಂಗುವುದೆಂದು ಭಾವಿಸಿದರೆ, ಅದರ ಎರಡರಷ್ಟು ದಪ್ಪದಲ್ಲಿ ಉಳಿಯುವುದು ಕಾಲುಭಾಗ, ಮೂರರಷ್ಟು ದಪ್ಪದಲ್ಲಿ ಎಂಟನೆಯ ಒಂದು ಭಾಗ. ೧೮ನೆಯ ಶತಮಾನದ ಲ್ಯಾಂಬರ್ಟ್ ಮತ್ತು ೧೯ನೆಯ ಶತಮಾನದ ಬಿಯರ್ ಎಂಬ ವಿಜ್ಞಾನಿಗಳ ಹೆಸರು ಹೊತ್ತ ನಿಯಮ ಇದೇ. ಬೊಂಬೆಯ ಮೇಲಿನ ಬಣ್ಣದಲ್ಲಿ ಬೆಳಕು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಎರಡು ಸಲ ಸುಂಕ ತೆರಬೇಕಾದುದರಿಂದ ದಪ್ಪದ ಅಲ್ಪ ವ್ಯತ್ಯಾಸವೂ ಕಣ್ಣಿಗೆ ಎದ್ದು ಕಾಣುತ್ತದೆ.

ಪದರವನ್ನು ತಗ್ಗಿನಲ್ಲಿ ದಪ್ಪವಾಗಿಯೂ ಉಬ್ಬಿನಲ್ಲಿ ತೆಳುವಾಗಿಯೂ ಮಾಡುವವರು ಯಾರು? ಬಣ್ಣವೇ. ಗಾಢವಾದ ವರ್ಣದ್ರವ್ಯವನ್ನು ನಿಧಾನವಾಗಿ ಒಣಗುವ, ಸುಲಭವಾಗಿ ಜಾರುವ ಒಂದು ದ್ರವದಲ್ಲಿ ಬೆರೆಸಿರುತ್ತಾರೆ. ಕುಂಚದಿಂದ ಹರಡಿದೊಡನೆ ಅದು ಅಂಚುಗಳಿಂದ ಜಾರಿ ನೆರಿಗೆಗಳ ತಳದಲ್ಲಿ ನಿಲ್ಲುತ್ತದೆ. ಮಳೆನೀರು ದಿಣ್ಣೆಯಿಂದ ಇಳಿದು ಹಳ್ಳದಲ್ಲಿ ನಿಲ್ಲುವ ಹಾಗೆ. ಶಿಲ್ಪಿ ಕೆತ್ತಿದ ಪ್ರತಿಯೊಂದು ಹಳ್ಳದಿಣ್ಣೆಯೂ ತನ್ನ ನೆರಳನ್ನು ತಾನೇ ಬರೆದುಕೊಳ್ಳುತ್ತದೆ.

ಒಂದು ಮಾತನ್ನು ಮಾತ್ರ ಮರೆಯಬಾರದು. ಈ ಬಣ್ಣ ಏನನ್ನೂ ಮುಚ್ಚುವುದಿಲ್ಲ. ತಳದಲ್ಲಿ ಅಂಟಿನ ಕಲೆಯಿದ್ದರೆ ಅದು ಕಾಣುತ್ತದೆ, ಬೆರಳಿನ ಗುರುತಿದ್ದರೆ ಅದೂ ಕಾಣುತ್ತದೆ. ನವರಾತ್ರಿಗೆಂದು ಅಟ್ಟದಿಂದ ಇಳಿಸಿದ ಬಣ್ಣ ಮಾಸಿದ ಗೊಂಬೆಗೆ ಇದನ್ನು ನೇರವಾಗಿ ಹಚ್ಚಿದರೆ ಮಾಸಿದ ಬಣ್ಣವೇ ಹೊಸ ಬಣ್ಣದೊಳಗಿಂದ ಇಣುಕುತ್ತದೆ. ಮೇಲಿನ ಶ್ರಮ ಉಳಿಯಿತೆಂದರೆ ತಳದ ಶ್ರಮವೂ ಉಳಿಯಿತೆಂದು ಅರ್ಥವಲ್ಲ.

ಮೊದಲ ಬೊಂಬೆ

ಹೊಸಬರು ಅನುಸರಿಸತಕ್ಕ ಕ್ರಮ ಕಷ್ಟದ್ದಲ್ಲ.

ಅಚ್ಚಿನ ಎರಡು ಭಾಗಗಳು ಕೂಡಿದ ಕಡೆ ಬೊಂಬೆಯ ಮೈಮೇಲೆ ತೆಳುವಾದ ಏಣು ಉಳಿದಿರುತ್ತದೆ. ಅದನ್ನು ಚಾಕುವಿನ ಹಿಂಬದಿಯಿಂದ ಮೆಲ್ಲಗೆ ಹೆರೆದು ತೆಗೆಯಬೇಕು. ಇಲ್ಲದಿದ್ದರೆ ಬಣ್ಣ ಅದರ ಪಕ್ಕದಲ್ಲಿ ನಿಂತು ಗೆರೆ ಎಳೆದಂತೆ ಕಾಣುವುದು. ಬಳಿಕ ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಆರಿಸಬೇಕು. ಬೊಂಬೆಯನ್ನು ಸೀಸೆಯ ಮುಚ್ಚಳಕ್ಕೋ ಬೆಂಡಿನ ತುಂಡಿಗೋ ಅಂಟಿಸಿಕೊಂಡರೆ ಅದನ್ನೇ ಹಿಡಿಯಾಗಿ ಬಳಸಬಹುದು. ಬೊಂಬೆಗೆ ಕೈ ತಾಗುವುದಿಲ್ಲ.

ಎರಡನೆಯದು ತಳಬಣ್ಣ. ಬಿಳಿ, ತಿಳಿಬೂದು ಅಥವಾ ದಂತದ ಬಣ್ಣದ ಪ್ರೈಮರ್ ಸ್ಪ್ರೇಯನ್ನು ೨೦–೩೦ ಸೆಂಟಿಮೀಟರ್ ದೂರದಿಂದ ಸ್ವಲ್ಪ ಸ್ವಲ್ಪವಾಗಿ ಸಿಂಪಡಿಸಬೇಕು. ಈ ಕೆಲಸ ಗಾಳಿಯಾಡುವ ಬಯಲಿನಲ್ಲಿಯೇ ಆಗತಕ್ಕದ್ದು. ಮೂಗಿಗೆ ಮುಸುಕಿರಬೇಕು, ಹತ್ತಿರ ಒಲೆ ದೀಪಗಳಿರಕೂಡದು. ಮಳೆಗಾಲದ ತೇವದ ದಿನ ಸಿಂಪಡಿಸಿದರೆ ಮೇಲ್ಮೈ ಮರಳು ಮೆತ್ತಿದಂತೆ ಒರಟಾಗುವುದುಂಟು. ಬೆಚ್ಚಗಿನ ತಳ ಬೇಕಾದರೆ ದಂತದ ಬಣ್ಣ, ತಣ್ಣನೆಯ ಭಾವ ಬೇಕಾದರೆ ತಿಳಿಬೂದು. ಚರ್ಮ, ಮರ, ಮೈಬಣ್ಣಗಳಿಗೆ ಮೊದಲನೆಯದೂ ನೀಲಿ, ಹಸಿರುಗಳಿಗೆ ಎರಡನೆಯದೂ ಹೊಂದುತ್ತದೆ.

ಮೂರನೆಯದು ಬಣ್ಣ. ಸೀಸೆಯನ್ನು ಚೆನ್ನಾಗಿ ಕುಲುಕಬೇಕು. ತೀರ ಸಣ್ಣ ಕುಂಚ ಹಿಡಿಯುವುದು ಹೊಸಬರ ಸಾಮಾನ್ಯ ತಪ್ಪು; ತುದಿ ಚೂಪಾಗಿರುವ ಮಧ್ಯಮ ಗಾತ್ರದ ಕುಂಚ ಮೇಲು. ಮೇಲಂಗಿಯನ್ನು ಹಚ್ಚುವುದಾದರೆ ಅದೊಂದನ್ನೇ ಮೇಲಿನಿಂದ ಕೆಳಕ್ಕೆ ನಿಲ್ಲಿಸದೆ ಹಚ್ಚಿ ಮುಗಿಸಬೇಕು. ಬಣ್ಣ ಎಲ್ಲಿಯಾದರೂ ಕೊಳದಂತೆ ನಿಂತರೆ, ತೇವ ಹಿಂಡಿದ ಕುಂಚದ ತುದಿಯಿಂದ ಹೀರಿ ತೆಗೆಯಬೇಕು. ಇದೆಲ್ಲ ಮೊದಲ ಒಂದೆರಡು ನಿಮಿಷದ ಮಾತು. ಆಮೇಲೆ ಕೈ ಹಿಂದೆಗೆಯುವುದೇ ಜಾಣತನ. ಅರ್ಧ ಒಣಗಿದ ಬಣ್ಣವನ್ನು ಮತ್ತೆ ಕೆದಕಿದರೆ ಅದು ಹರಿದ ಬಟ್ಟೆಯಂತೆ ಕಲೆಕಲೆಯಾಗುತ್ತದೆ. ಹೊಸಬರಿಗೆ ಈ ಹವ್ಯಾಸ ಕಲಿಸುವ ಕಠಿಣ ಪಾಠ ಕುಂಚ ಹಿಡಿಯುವುದಲ್ಲ, ಕುಂಚ ಕೆಳಗಿಡುವುದು.

ತಿಳಿಯಾದ ಬಣ್ಣಗಳಿಂದ ಆರಂಭಿಸಿ ಗಾಢವಾದವುಗಳ ಕಡೆಗೆ ಹೋಗಬೇಕು. ಹಳದಿ ತಪ್ಪಿ ಚೀಲದ ಮೇಲೆ ಬಿದ್ದರೆ ಅದರ ಮೇಲಿನ ಕಂದು ಅದನ್ನು ಅಡಗಿಸುತ್ತದೆ. ಕಂದು ಹಳದಿಯ ಮೇಲೆ ಬಿದ್ದರೆ ಅಡಗುವುದಿಲ್ಲ. ಹಾಗೆ ಬಿದ್ದರೂ ಕೆಟ್ಟಿತೆಂದು ಕೂರಬೇಕಾಗಿಲ್ಲ. ಆ ಜಾಗಕ್ಕೆ ತಳಬಣ್ಣವನ್ನೇ ಮತ್ತೆ ಕುಂಚದಿಂದ ಹಚ್ಚಿ, ಆರಿಸಿ, ಹೊಸದಾಗಿ ಆರಂಭಿಸಬಹುದು. ಬಣ್ಣ ತೀರ ಗಾಢವೆನಿಸಿದರೆ ಬರಿಯ ನೀರಿಗಿಂತ ಅದೇ ತಯಾರಕರು ಮಾರುವ ಬಣ್ಣವಿಲ್ಲದ ದ್ರವದಿಂದ ತೆಳುಗೊಳಿಸುವುದು ಒಳ್ಳೆಯದು. ಕುಂಚದ ತುದಿಯನ್ನು ನಾಲಗೆಯಿಂದ ಚೂಪು ಮಾಡುವ ಚಾಳಿ ಹಿರಿಯ ಹವ್ಯಾಸಿಗಳಲ್ಲೂ ಇದೆ. ಮಕ್ಕಳು ಅದನ್ನು ನೋಡಿ ಕಲಿಯದಂತೆ ಎಚ್ಚರ ವಹಿಸಬೇಕು.

ಕತ್ತಿಯ ಲೋಹದ ಹೊಳಪಿಗೆ ಮಾತ್ರ ಬೆಳ್ಳಿಬಣ್ಣದ ಸಾಮಾನ್ಯ ಬಣ್ಣವೇ ಬೇಕು. ಎಲ್ಲವೂ ಒಣಗಿದ ಮೇಲೆ ಹೊಳಪಿಲ್ಲದ ವಾರ್ನಿಷನ್ನು ತೆಳುವಾಗಿ ಹಚ್ಚತಕ್ಕದ್ದು. ಏಕೆಂದರೆ ಈ ಬಣ್ಣ ಅಂಚುಗಳಲ್ಲಿ ಬಲು ತೆಳು. ಆಟದ ವೇಳೆ ಮತ್ತೆ ಮತ್ತೆ ಕೈ ತಾಗಿದರೆ ಸವೆದು ಬಿಳುಪು ಹೊರಬೀಳುತ್ತದೆ. ಆರಂಭಕ್ಕೆ ಹತ್ತಾರು ಸೀಸೆಗಳೂ ಬೇಕಿಲ್ಲ. ಒಂದು ಮೈಬಣ್ಣ, ಒಂದು ಕಂದು, ಒಂದು ಕೆಂಪು ಇಲ್ಲವೆ ನೀಲಿ, ಒಂದು ಕಪ್ಪು ಇದ್ದರೆ ಒಂದು ದಂಡೇ ಎದ್ದು ನಿಲ್ಲುತ್ತದೆ.

ಕಪ್ಪಿನಿಂದ ಬಿಳುಪಿಗೆ

ಮೊದಲ ಬೊಂಬೆ ಕೈಗೆ ಬಂದವರು ಹಿಡಿಯಬಹುದಾದ ಎರಡನೆಯ ಮೆಟ್ಟಿಲೊಂದಿದೆ. ೨೦೨೨ರ ಸುಮಾರಿಗೆ ಹವ್ಯಾಸಿಗಳ ನಡುವೆ ‘ಸ್ಲ್ಯಾಪ್ ಚಾಪ್’ ಎಂಬ ವಿನೋದದ ಹೆಸರಿನಿಂದ ಇದು ಮನೆಮಾತಾಯಿತು.

ಇಲ್ಲಿ ತಳಬಣ್ಣ ಬಿಳಿಯಲ್ಲ, ಕಪ್ಪು. ಅದು ಆರಿದ ಮೇಲೆ ಅಗಲವಾದ ಮೆತ್ತನೆಯ ಕುಂಚಕ್ಕೆ ಬೂದುಬಣ್ಣ ತಾಗಿಸಿ, ಬಣ್ಣವೇ ಇಲ್ಲವೆನ್ನುವಷ್ಟು ಬಟ್ಟೆಗೆ ಒರೆಸಿ, ಆ ಒಣಕುಂಚವನ್ನು ಬೊಂಬೆಯ ಮೇಲೆ ಹಗುರವಾಗಿ ಆಡಿಸಬೇಕು. ಉಬ್ಬುಗಳು ಮಾತ್ರ ಬೂದಾಗುತ್ತವೆ, ತಗ್ಗುಗಳು ಕಪ್ಪಾಗಿಯೇ ಉಳಿಯುತ್ತವೆ. ಇದೇ ರೀತಿ ಮೇಲಿನಿಂದ ಬೆಳಕು ಬಿದ್ದಂತೆ ತಲೆ, ಹೆಗಲು, ಮೊಣಕಾಲುಗಳ ಮೇಲೆ ಬಿಳಿಯನ್ನು ಆಡಿಸಬೇಕು. ಈಗ ಕೈಯಲ್ಲಿರುವುದು ಹಳೆಯ ಕಪ್ಪುಬಿಳುಪು ಚಲನಚಿತ್ರದಿಂದ ಇಳಿದುಬಂದಂಥ ಒಬ್ಬ ವೀರ. ಅವನ ಮೇಲೆ ಪಾರದರ್ಶಕ ಬಣ್ಣ ಹರಿದರೆ ಬಿಳಿಯಿರುವಲ್ಲಿ ಬಣ್ಣ ಬೆಳಗುತ್ತದೆ, ಬೂದಿರುವಲ್ಲಿ ಮಂಕಾಗುತ್ತದೆ, ಕಪ್ಪಿರುವಲ್ಲಿ ಕಣ್ಮರೆಯಾಗುತ್ತದೆ.

ಮೃಗಗಳ ರೋಮ, ಮೇಲಂಗಿಯ ನೆರಿಗೆ, ಬಳೆಗವಚದ ಕೊಂಡಿಗಳು, ಎಲುಬುಗೂಡುಗಳು ಈ ವಿಧಾನಕ್ಕೆ ಹೇಳಿ ಮಾಡಿಸಿದಂಥವು. ಯುದ್ಧರಥಗಳ ಅಗಲವಾದ ಚಪ್ಪಟೆ ಫಲಕಗಳಲ್ಲಿ ಮಾತ್ರ ಇದರ ಆಟ ನಡೆಯದು. ಜಾರಿ ನಿಲ್ಲಲು ಹಳ್ಳವೇ ಇಲ್ಲದ ಕಡೆ ಬಣ್ಣ ಒಣಗುತ್ತ ಅಂಚಿಗೆ ಸರಿದು, ಮೇಜಿನ ಮೇಲೆ ಚೆಲ್ಲಿದ ಕಾಫಿಯಂತೆ ಉಂಗುರ ಬಿಡುತ್ತದೆ. ಯಾವುದಕ್ಕೆ ಈ ಬಣ್ಣ, ಯಾವುದಕ್ಕೆ ಸಾಮಾನ್ಯ ಬಣ್ಣ ಎಂಬ ವಿವೇಚನೆ ಇಲ್ಲಿಯೂ ಬೇಕು.

ಆರುನೂರು ವರ್ಷದ ನೆಂಟಸ್ತಿಕೆ

ಇದೆಲ್ಲ ಇತ್ತೀಚಿನ ರಸಾಯನದ ಕೊಡುಗೆಯೆಂದು ತೋರಬಹುದು. ಆದರೆ ಇದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. ಬೆಲ್ಜಿಯಮ್ಮಿನ ಗೆಂಟ್ ನಗರದ ಸಂತ ಬಾವೋ ಪ್ರಧಾನ ದೇವಾಲಯದಲ್ಲಿ ಹ್ಯೂಬರ್ಟ್ ಮತ್ತು ಯಾನ್ ವಾನ್ ಐಕ್ ಸೋದರರು ರಚಿಸಿದ, ೧೪೩೨ರಲ್ಲಿ ಪೂರ್ಣಗೊಂಡ ದೊಡ್ಡ ಚಿತ್ರಫಲಕವಿದೆ. ಅದರಲ್ಲಿನ ಕೆಂಪು, ಹಸಿರು ನಿಲುವಂಗಿಗಳು ಇಂದಿಗೂ ರತ್ನದಂತೆ ಬೆಳಗುತ್ತವೆ. ಆ ಕಾಲದ ಚಿತ್ರಕಾರರು ಮರದ ಹಲಗೆಗೆ ಸೀಮೆಸುಣ್ಣ ಮತ್ತು ಅಂಟಿನ ಬಿಳಿ ತಳ ಕೊಟ್ಟು, ಅದರ ಮೇಲೆ ಎಣ್ಣೆಯಲ್ಲಿ ಬೆರೆಸಿದ ಪಾರದರ್ಶಕ ಬಣ್ಣವನ್ನು ಪದರ ಪದರವಾಗಿ ಹರಡುತ್ತಿದ್ದರು. ಬೆಳಕು ಒಳಹೊಕ್ಕು ಬಿಳಿಯಿಂದ ಮರಳಿ ಬರುತ್ತಿತ್ತು. ಇಡೀ ಚಿತ್ರವನ್ನು ಮೊದಲು ಬೂದುಬಣ್ಣದಲ್ಲಿಯೇ ನೆರಳುಬೆಳಕುಗಳೊಡನೆ ಮುಗಿಸಿಕೊಂಡು, ಆಮೇಲೆ ಬಣ್ಣದ ತೆಳು ತೆರೆ ಹೊದಿಸುವ ಪದ್ಧತಿಯೂ ಯೂರೋಪಿನ ಕಲಾಶಾಲೆಗಳಲ್ಲಿ ಬಳಕೆಗೆ ಬಂದಿತು. ‘ಸ್ಲ್ಯಾಪ್ ಚಾಪ್’ ಮಾಡುವ ಹುಡುಗ ತಿಳಿಯದೆಯೇ ಆ ಪರಂಪರೆಯ ಮರಿಮಗನಾಗಿದ್ದಾನೆ.

ಜಲವರ್ಣದ ಚಿತ್ರಕಾರರಿಗೂ ಈ ಗುಟ್ಟು ಹೊಸದಲ್ಲ. ಉದಕಮಂಡಲ, ಕೊಡೈಕನಾಲುಗಳ ಬೆಟ್ಟ ಮೋಡಗಳನ್ನು ಜಲವರ್ಣದಲ್ಲಿ ಸೆರೆಹಿಡಿದ ಮೈಸೂರು ಸೀಮೆಯ ಕೆ. ವೆಂಕಟಪ್ಪನವರ ಹೆಸರನ್ನು ಕನ್ನಡಿಗರು ಬಲ್ಲರು. ತಿಳಿಯಾದ ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪು. ಅದನ್ನು ಕೆಡಿಸದೆ ಉಳಿಸಿಕೊಳ್ಳುವುದೇ ಚಿತ್ರಕಾರನ ಜಾಣ್ಮೆ. ಬೊಂಬೆಯಲ್ಲಿ ಕಾಗದದ ಬದಲು ಪ್ರೈಮರ್ ಇದೆ, ನಿಯಮ ಬದಲಾಗಿಲ್ಲ.

ಸುಲಭವಾದುದು ಕೀಳೇ?

೨೦೧೯ರಲ್ಲಿ ಈ ಬಣ್ಣಗಳು ಬಂದಾಗ ಹವ್ಯಾಸಿಗಳಲ್ಲಿ ಎರಡು ಪಕ್ಷಗಳಾದವು. ವರ್ಷಗಟ್ಟಲೆ ಪದರದ ಮೇಲೆ ಪದರ ಹಚ್ಚಿ ಕಲಿತವರಿಗೆ ಇದು ಪರೀಕ್ಷೆಯಲ್ಲಿ ಕಂಡು ಬರೆದಂತೆ ತೋರಿತು. ಬೆವರು ಸುರಿಸದೆ ಬಂದ ಚೆಲುವಿಗೆ ಬೆಲೆಯೇನು ಎಂಬುದು ಅವರ ಅಸಮಾಧಾನ. ಈ ಅಸಮಾಧಾನದಲ್ಲಿ ಹುರುಳಿಲ್ಲದಿಲ್ಲ. ಬಣ್ಣವನ್ನು ಬೆರೆಸುವುದು, ಒಂದು ಛಾಯೆಯಿಂದ ಇನ್ನೊಂದಕ್ಕೆ ಗೆರೆಯಿಲ್ಲದೆ ದಾಟುವುದು ಇವು ಕೈಗೆ ಅಭ್ಯಾಸದಿಂದಲೇ ಬರುವ ವಿದ್ಯೆಗಳು. ಸೀಸೆಯೇ ಎಲ್ಲವನ್ನೂ ಮಾಡಿಕೊಟ್ಟರೆ ಕೈ ಸೋಮಾರಿಯಾದೀತು. ಒಂದೇ ಬಗೆಯ ಬಣ್ಣ ಒಂದೇ ಬಗೆಯಲ್ಲಿ ಹರಿದು ಎಲ್ಲರ ದಂಡುಗಳೂ ಅಣ್ಣತಮ್ಮಂದಿರಂತೆ ಕಂಡಾವು.

ಮತ್ತೊಂದು ಪಕ್ಷದ ಉತ್ತರವೂ ಅಷ್ಟೇ ಗಟ್ಟಿ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಬೂದಾಗಿಯೇ ಉಳಿದ ಬೊಂಬೆಯಿಂದ ಯಾವ ವಿದ್ಯೆ ಬೆಳೆಯಿತು? ಒಂದು ಬೊಂಬೆಯನ್ನು ಮುಗಿಸಿದವನು ಎರಡನೆಯದಕ್ಕೆ ಕೈ ಹಾಕುತ್ತಾನೆ. ಹತ್ತು ಮುಗಿಸಿದವನ ಕಣ್ಣು, ಅಂಚಿಗೊಂದು ಬೆಳಕಿನ ಗೆರೆ ಇದ್ದರೆ ಚೆನ್ನಾಗಿತ್ತು ಎಂದು ತಾನಾಗಿ ಕಾಣತೊಡಗುತ್ತದೆ. ಅಂದು ಅವನು ಹಳೆಯ ದಾರಿಯ ಬಾಗಿಲನ್ನು ತಾನೇ ತಟ್ಟುತ್ತಾನೆ. ವಾಸ್ತವವಾಗಿ ಆದದ್ದೂ ಇದೇ. ಅನುಭವಿ ಬಣ್ಣಗಾರರು ಇಂದು ಪಾರದರ್ಶಕ ಬಣ್ಣವನ್ನು ಆರಂಭಕ್ಕೆ ಹಚ್ಚಿ, ಅದರ ಮೇಲೆ ತಮ್ಮ ಸೂಕ್ಷ್ಮ ಕೆಲಸವನ್ನು ಮುಂದುವರಿಸುತ್ತಾರೆ. ಎರಡು ದಾರಿಗಳು ಒಂದೇ ಮೇಜಿನ ಮೇಲೆ ಕೂಡಿವೆ.

ಇಲ್ಲಿ ಗೆದ್ದುದು ಸೋಮಾರಿತನವಲ್ಲ ಎಂಬುದಕ್ಕೆ ಆ ಬಣ್ಣದ ಸ್ವಭಾವವೇ ಸಾಕ್ಷಿ. ಗಟ್ಟಿ ಬಣ್ಣ ಅವಸರದ ಕೆಲಸವನ್ನು ಮರೆಮಾಡಬಲ್ಲದು. ಪಾರದರ್ಶಕ ಬಣ್ಣ ಮರೆಮಾಡದು. ಹೆರೆಯದೆ ಬಿಟ್ಟ ಏಣು, ತೊಳೆಯದೆ ಬಿಟ್ಟ ಜಿಡ್ಡು, ಒಣಗುವ ಮೊದಲೇ ಆಡಿಸಿದ ಕುಂಚ ಎಲ್ಲವೂ ಅದರಲ್ಲಿ ಬರೆದಿಟ್ಟಂತೆ ಕಾಣುತ್ತವೆ. ಅದು ಹೊಸಬನಿಂದ ನಿಪುಣತೆಯನ್ನು ಕೇಳುವುದಿಲ್ಲ, ಆದರೆ ತಾಳ್ಮೆಯನ್ನೂ ಪ್ರಾಮಾಣಿಕತೆಯನ್ನೂ ಕೇಳದೆ ಬಿಡುವುದಿಲ್ಲ. ಅಷ್ಟನ್ನು ಕೊಟ್ಟವನಿಗೆ ಒಂದೇ ಸಂಜೆಯಲ್ಲಿ ಬೊಂಬೆಯ ಮುಖದ ಮೇಲೆ ಕೆನ್ನೆ, ಹುಬ್ಬು, ತುಟಿಗಳು ಮೂಡಿ ಬರುತ್ತವೆ.

ರಜೆಯ ದಿನ ಹಳೆಯ ಪತ್ರಿಕೆ ಹಾಸಿದ ಊಟದ ಮೇಜಿನ ಒಂದು ಬದಿಯಲ್ಲಿ ಮಗಳು, ಇನ್ನೊಂದು ಬದಿಯಲ್ಲಿ ತಂದೆ, ನಡುವೆ ಎರಡು ಲೋಟ ನೀರು, ನಾಲ್ಕು ಸೀಸೆ ಬಣ್ಣ. ಮಗಳ ಯೋಧನ ಮೇಲಂಗಿ ಹಸಿರು, ತಂದೆಯವನದು ಕೆಂಪು. ಇಬ್ಬರ ಕೈಯೂ ಪಳಗಿದ್ದಲ್ಲ. ಇಬ್ಬರ ಬೊಂಬೆಯಲ್ಲೂ ಅಲ್ಲೊಂದು ಇಲ್ಲೊಂದು ಕಲೆ ಉಂಟು. ಆದರೂ ಊಟದ ಹೊತ್ತಿಗೆ ಮೇಜ ತೆರವು ಮಾಡಬೇಕೆಂದು ಒಳಗಿನಿಂದ ಕೂಗು ಬಂದಾಗ, ‘ನಾಚಿಕೆಯ ರಾಶಿ’ಯಿಂದ ಇಬ್ಬರು ಯೋಧರು ಕಡಿಮೆಯಾಗಿರುತ್ತಾರೆ.